ಹಾಲಿನ ಪ್ಯಾಕೆಟ್‌ನಲ್ಲಿ ಮೆಣಸಿನಕಾಯಿ ಸಸಿ

ದಿನಕ್ಕೆರಡು ಅರ್ಧ ಲೀಟರ್ ಹಾಲು ತರಿಸುವ ಮನೆಯಿಂದ ತಿಂಗಳಿಗೆ 60 ಖಾಲಿ ಪ್ಯಾಕೆಟ್ ಕಸಕ್ಕೆ ಹೋಗುತ್ತವೆ. ನರ್ಸರಿಯಲ್ಲಿ ಸಸಿ ಬೆಳೆಸುವ ಸಣ್ಣ ಕಪ್ಪು ಕವರ್ ನೋಡಿದ್ದೀರಲ್ವಾ? ಹಾಲಿನ ಪ್ಯಾಕೆಟ್ ಹೆಚ್ಚುಕಡಿಮೆ ಅಷ್ಟೇ ಅಳತೆ. ಮೆಣಸಿನಕಾಯಿ, ಟೊಮೆಟೊ, ಬದನೆ ಸಸಿಗಳಿಗೆ ಮೊದಲ ಒಂದು ತಿಂಗಳು ಇದಕ್ಕಿಂತ ದೊಡ್ಡ ಕುಂಡ ಬೇಕಾಗುವುದಿಲ್ಲ.

ಬೇಕಿರುವುದು ಎರಡೇ. ತಳದಲ್ಲಿ ತೂತಿರುವ ಒಂದು ಡಬ್ಬಿ, ನೀರು ಹಾಕುವ ಮೊದಲು ಮಣ್ಣು ಮುಟ್ಟಿ ನೋಡುವ ಅಭ್ಯಾಸ. ನಾನು ಮೊದಲ ಸಲ ಬಿತ್ತಿದಾಗ ಮೊಸರಿನ ಕಪ್‌ಗಳಿಗೆ ತೂತು ಮಾಡಿರಲಿಲ್ಲ. ಹನ್ನೆರಡು ಕಪ್‌ನಲ್ಲೂ ಮೊಳಕೆ ಬಂತು. ವಾರದೊಳಗೆ ಅಷ್ಟೂ ಸಸಿಗಳು ಬುಡದಲ್ಲಿ ನೂಲಿನಂತೆ ಸಣ್ಣಗಾಗಿ ಮಲಗಿಬಿಟ್ಟವು. ಬೀಜ ಚೆನ್ನಾಗಿತ್ತು, ಮಣ್ಣೂ ಚೆನ್ನಾಗಿತ್ತು. ನೀರಿಗೆ ಹೊರಗೆ ಹೋಗಲು ದಾರಿ ಇರಲಿಲ್ಲ, ಅಷ್ಟೇ.

ಮೊದಲು ತೂತು

ಹಾಲಿನ ಪ್ಯಾಕೆಟ್‌ನ ಮೇಲಿನ ಅಂಚನ್ನು ನೇರವಾಗಿ ಕತ್ತರಿಸಿ. ಒಳಗಿನ ಜಿಡ್ಡು ಹೋಗುವಂತೆ ಪಾತ್ರೆ ತೊಳೆಯುವ ಸೋಪು, ಉಗುರುಬೆಚ್ಚಗಿನ ನೀರು ಹಾಕಿ ತೊಳೆಯಿರಿ. ಜಿಡ್ಡು ಉಳಿದರೆ ವಾಸನೆ ಬರುತ್ತದೆ, ಹಿಂದೆಯೇ ಇರುವೆ. ಒಣಗಿದ ಮೇಲೆ ಕೆಳಗಿನ ಎರಡೂ ಮೂಲೆಗಳನ್ನು ಅರ್ಧ ಸೆಂಟಿಮೀಟರಿನಷ್ಟು ಕತ್ತರಿಸಿ. ಕಾಗದಕ್ಕೆ ತೂತು ಹಾಕುವ ಪಂಚ್ ಮನೆಯಲ್ಲಿದ್ದರೆ ತಳದ ಹತ್ತಿರ ಇನ್ನೂ ನಾಲ್ಕು ತೂತು ಹಾಕಿ.

ತೆಂಗಿನ ಕರಟ ನನಗೆ ತುಂಬ ಇಷ್ಟ. ಕಾಯಿ ತುರಿದ ಮೇಲೆ ಎರಡು ಹೋಳು ಉಳಿಯುತ್ತವಲ್ಲ, ಅದರಲ್ಲಿ ಕಣ್ಣಿರುವ ಹೋಳನ್ನು ಎತ್ತಿಡಿ. ಮೂರು ಕಣ್ಣಿನಲ್ಲಿ ಒಂದು ಮೆತ್ತಗಿರುತ್ತದೆ. ತೆಂಗಿನ ಮೊಳಕೆ ಹೊರಗೆ ಬರುವುದೂ ಅದೇ ಕಣ್ಣಿನಿಂದ. ಸ್ಕ್ರೂಡ್ರೈವರ್ ಇಟ್ಟು ಒತ್ತಿದರೆ ಸಲೀಸಾಗಿ ತೂತಾಗುತ್ತದೆ. ಬೇರೇನೂ ಕೊರೆಯಬೇಕಿಲ್ಲ. ಇನ್ನೊಂದು ಹೋಳು ಮಣ್ಣು ತೋಡಲು ಸಾಕು.

ಮೊಸರಿನ ಕಪ್‌ಗೆ ಕಾಯಿಸಿದ ಮೊಳೆಯಿಂದ ನಾಲ್ಕೈದು ತೂತು ಮಾಡಿ. ಹೋಟೆಲಿನಿಂದ ಬರುವ ಅಗಲವಾದ ಪಾರ್ಸಲ್ ಡಬ್ಬಿ ಮೆಂತ್ಯ, ಹರಿವೆ ಸೊಪ್ಪಿಗೆ ಚೆನ್ನ. ಮೊಟ್ಟೆಯ ಚಿಪ್ಪಿನಲ್ಲಿ ಬಿತ್ತುವ ಫೋಟೊಗಳು ನೋಡಲು ಚೆಂದ. ಆದರೆ ಅದರಲ್ಲಿ ಹಿಡಿಯುವುದು ಒಂದೆರಡು ಚಮಚ ಮಣ್ಣು. ನಮ್ಮ ಬೇಸಿಗೆಯಲ್ಲಿ ಅದು ಸಂಜೆಯೊಳಗೆ ಒಣಗಿಹೋಗುತ್ತದೆ. ಹಾಗಾಗಿ ಅದನ್ನು ನಾನು ಹೇಳುವುದಿಲ್ಲ. ಕೀಟನಾಶಕ, ಫಿನೈಲ್, ಥಿನ್ನರ್ ಇದ್ದ ಡಬ್ಬಿಗಳನ್ನು ಮಾತ್ರ ಎಷ್ಟು ತೊಳೆದರೂ ಬಳಸಬೇಡಿ.

ಬೀಜ ಅಡುಗೆಮನೆಯಲ್ಲೇ ಇದೆ

ಒಗ್ಗರಣೆಗೆ ತಂದ ಬ್ಯಾಡಗಿ ಮೆಣಸಿನಕಾಯಿಯಲ್ಲೇ ಶುರು ಮಾಡಿ. ಹುರಿಯದ, ಹಳೆಯದಾಗದ, ತೂತಿಲ್ಲದ ನಾಲ್ಕು ಕಾಯಿ ಆರಿಸಿ ಮುರಿಯಿರಿ. ತಿಳಿ ಹಳದಿ ಬಣ್ಣದ ಬೀಜ ಇಟ್ಟುಕೊಳ್ಳಿ, ಕಪ್ಪಾದದ್ದು ಬೇಡ. ಆಮೇಲೆ ಕೈ ತೊಳೆಯದೆ ಕಣ್ಣು ಮುಟ್ಟಬೇಡಿ.

ಬೀಜ ಜೀವಂತ ಇದೆಯೋ ಇಲ್ಲವೋ ನೋಡಲು ಹತ್ತು ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಡಿ. ಬಟ್ಟೆ ಒಣಗಲು ಬಿಡಬೇಡಿ. ಎರಡು ವಾರದಲ್ಲಿ ಏಳು ಮೊಳೆತರೆ ಒಳ್ಳೆಯ ಬೀಜ. ನೀರಿನಲ್ಲಿ ತೇಲಿದ್ದೆಲ್ಲ ಜೊಳ್ಳು ಎನ್ನುವುದನ್ನು ಮೆಣಸಿನಕಾಯಿ ಬೀಜದ ವಿಷಯದಲ್ಲಿ ನಂಬಬೇಡಿ. ಒಣಗಿದ ಒಳ್ಳೆಯ ಬೀಜವೂ ತೇಲುತ್ತದೆ.

ಕೊತ್ತಂಬರಿಗೆ ದಿನಸಿ ಅಂಗಡಿಯ ಧನಿಯಾ ಆಗುತ್ತದೆ. ಒಂದೊಂದು ಕಾಳಿನಲ್ಲೂ ಎರಡು ಬೀಜ ಇರುತ್ತವೆ. ಲಟ್ಟಣಿಗೆಯಿಂದ ಹಗುರವಾಗಿ ಉರುಳಿಸಿ ಎರಡು ಹೋಳು ಮಾಡಿ, ಪುಡಿ ಆಗಬಾರದು. ರಾತ್ರಿ ನೆನೆಸಿ ಬೆಳಿಗ್ಗೆ ಬಿತ್ತಿ.

ಟೊಮೆಟೊ ವಿಷಯಕ್ಕೆ ಬಂದರೆ, ಮಾರುಕಟ್ಟೆಯಲ್ಲಿ ಸಿಗುವ ಹಣ್ಣು ಬಹಳಷ್ಟು ಹೈಬ್ರಿಡ್. ಅದರ ಬೀಜ ಮೊಳೆಯುತ್ತದೆ, ಆದರೆ ಅಂಥದ್ದೇ ಹಣ್ಣು ಬರುತ್ತದೆ ಎನ್ನುವ ಖಾತ್ರಿ ಇಲ್ಲ. ನಾಟಿ ಟೊಮೆಟೊ ಸಿಕ್ಕರೆ ಅದರ ಬೀಜ ತೆಗೆದಿಡಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ವಿಕಾಸ್ ಟೊಮೆಟೊ ತಳಿ ಕೂಡ ಹೈಬ್ರಿಡ್ ಅಲ್ಲ. ಒಮ್ಮೆ ಬೀಜ ಕೊಂಡರೆ ಮುಂದಿನ ಸಲಕ್ಕೆ ನಿಮ್ಮ ಗಿಡದಿಂದಲೇ ಬೀಜ ಮಾಡಿಕೊಳ್ಳಬಹುದು. ಹಣ್ಣಿನಿಂದ ತೆಗೆದ ಬೀಜದ ಸುತ್ತ ಲೋಳೆ ಇರುತ್ತದೆ, ಅದು ಮೊಳಕೆಯನ್ನು ತಡೆಯುತ್ತದೆ. ಲೋಟದಲ್ಲಿ ಸ್ವಲ್ಪ ನೀರು ಹಾಕಿ ಎರಡು ದಿನ ಹುಳಿಯಲು ಬಿಡಿ. ಜರಡಿಯಲ್ಲಿ ತೊಳೆದು ನೆರಳಿನಲ್ಲಿ ತಟ್ಟೆಯ ಮೇಲೆ ಒಣಗಿಸಿ. ಕಾಗದದ ಮೇಲೆ ಹರಡಿದರೆ ಅಂಟಿಕೊಂಡು ಬಿಡಿಸಲು ಬರುವುದಿಲ್ಲ.

ಮಣ್ಣು, ಬಿತ್ತನೆ

ಕೆಂಪು ಮಣ್ಣು, ಕೋಕೋಪೀಟ್, ಜರಡಿ ಹಿಡಿದ ಎರೆಗೊಬ್ಬರ ಮೂರೂ ಸಮ ಸಮ. ಕೋಕೋಪೀಟ್ ಅಂದರೆ ತೆಂಗಿನ ನಾರಿನ ಪುಡಿ, ಅದರಲ್ಲಿ ಉಪ್ಪಿನಂಶ ಇರುತ್ತದೆ. ನೆನೆಸಿ ಎರಡು ಸಲ ಹಿಂಡಿ ತೆಗೆಯಿರಿ. ಯೂರಿಯಾ ಹಾಕಲೇಬೇಡಿ. ಮೊದಲ ದಿನಗಳ ಊಟವನ್ನು ಬೀಜ ತನ್ನೊಳಗೇ ಕಟ್ಟಿಕೊಂಡು ಬಂದಿರುತ್ತದೆ. ಕಲಸಿದ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಒತ್ತಿ. ಉಂಡೆಯಾಗಬೇಕು, ಬೆರಳಿಂದ ತಟ್ಟಿದರೆ ಉದುರಬೇಕು. ನೀರು ತೊಟ್ಟಿಕ್ಕಿದರೆ ಹದ ತಪ್ಪಿದೆ.

ಪ್ಯಾಕೆಟ್ ತುಂಬಿಸುವಾಗ ಮೇಲೆ ಒಂದು ಬೆರಳಿನಷ್ಟು ಜಾಗ ಬಿಡಿ. ಮೊದಲು ಮಣ್ಣು ನೆನೆಸಿ, ಆಮೇಲೆ ಬೀಜ ಹಾಕಿ. ಬಿತ್ತಿದ ಮೇಲೆ ನೀರು ಸುರಿದರೆ ಬೀಜ ಮೂಲೆಗೆ ಕೊಚ್ಚಿಹೋಗುತ್ತದೆ. ಬೀಜದ ಅಗಲದ ಎರಡರಷ್ಟು ಆಳ ಸಾಕು. ಮೆಣಸಿನಕಾಯಿಗೆ ಸುಮಾರು ಅರ್ಧ ಸೆಂಟಿಮೀಟರ್, ಒಂದು ಪ್ಯಾಕೆಟ್‌ಗೆ ಎರಡು ಬೀಜ. ಹರಿವೆ ಬೀಜವನ್ನು ಒಂದು ಹಿಡಿ ಮರಳಿನ ಜೊತೆ ಬೆರೆಸಿ ಮೇಲೆ ಉದುರಿಸಿ, ಅಂಗೈಯಿಂದ ಒತ್ತಿ. ಆ ಸಣ್ಣ ಬೀಜಗಳನ್ನು ಇರುವೆ ಹೊತ್ತುಕೊಂಡು ಹೋಗುತ್ತವೆ. ಡಬ್ಬಿಯ ಸುತ್ತ ಒಲೆಯ ಬೂದಿ ಅಥವಾ ಅರಿಶಿನ ಪುಡಿಯ ಗೆರೆ ಎಳೆಯಿರಿ.

ಹೆಸರು, ತಾರೀಕು ಬರೆದಿಡಿ. ಖಾಲಿ ಮೊಸರಿನ ಕಪ್ಪನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿದರೆ ಅದೇ ಚೀಟಿ. ಪೆನ್ಸಿಲಿನಿಂದ ಬರೆಯಿರಿ, ಮಾರ್ಕರ್ ಬಿಸಿಲಿಗೆ ಅಳಿಸಿಹೋಗುತ್ತದೆ.

ಕಾಯುವ ದಿನಗಳು

ಮೆಂತ್ಯ ಮೂರ್ನಾಲ್ಕು ದಿನಕ್ಕೇ ತಲೆ ಎತ್ತುತ್ತದೆ. ಟೊಮೆಟೊಗೆ ವಾರ ಬೇಕು. ಕೊತ್ತಂಬರಿ, ಮೆಣಸಿನಕಾಯಿ ಎರಡು ವಾರದವರೆಗೂ ಕಾಯಿಸಬಹುದು. ಹತ್ತನೇ ದಿನಕ್ಕೆ ಬೇಸರವಾಗಿ ಮಣ್ಣು ಕೆದಕಿ ನೋಡುವವರು ತುಂಬ ಜನ. ದಯವಿಟ್ಟು ಕೆದಕಬೇಡಿ, ಎಳೆ ಬೇರು ಮುರಿಯುತ್ತದೆ.

ಮೆಣಸಿನಕಾಯಿ ಸಸಿ ನೇರವಾಗಿ ಮೇಲೆ ಬರುವುದಿಲ್ಲ. ಮೊದಲು ಬಗ್ಗಿದ ಬಿಳಿ ಕುತ್ತಿಗೆ ಕಾಣುತ್ತದೆ, ಸೂಜಿಯ ಕಣ್ಣಿನಂತೆ. ಆಮೇಲೆ ತಲೆ ಎಳೆದುಕೊಳ್ಳುತ್ತದೆ. ಕೆಲವು ಸಲ ಬೀಜದ ಸಿಪ್ಪೆ ಎರಡು ಎಲೆಗಳ ತುದಿಗೆ ಟೋಪಿಯ ಹಾಗೆ ಸಿಕ್ಕಿಕೊಂಡಿರುತ್ತದೆ. ಉಗುರಿನಿಂದ ಕೀಳಲು ಹೋದರೆ ಎಲೆಯೇ ಕಿತ್ತುಬರುತ್ತದೆ. ಒಂದು ಹನಿ ನೀರು ಇಟ್ಟು ಬಿಡಿ. ಮೆತ್ತಗಾಗಿ ತಾನಾಗಿಯೇ ಬೀಳುತ್ತದೆ.

ತಲೆ ಎತ್ತಿದ ದಿನವೇ ಬೆಳಕಿಗೆ ತನ್ನಿ. ಒಳಗಿನ ಕತ್ತಲಲ್ಲಿಟ್ಟರೆ ಸಸಿ ಬೆಳಕು ಹುಡುಕುತ್ತಾ ಉದ್ದುದ್ದ ಬೆಳೆದು ಸೊರಗುತ್ತದೆ. ಮೊದಲ ವಾರ ಬೆಳಗಿನ ಎಳೆಬಿಸಿಲು ಸಾಕು, ಆಮೇಲೆ ದಿನಾ ಸ್ವಲ್ಪ ಸ್ವಲ್ಪ ಜಾಸ್ತಿ ಮಾಡಿ. ಎರಡೂ ಬೀಜ ಮೊಳೆತಿದ್ದರೆ ಸಣ್ಣದನ್ನು ಕತ್ತರಿಯಿಂದ ಬುಡಕ್ಕೆ ಕತ್ತರಿಸಿ. ಕಿತ್ತರೆ ಪಕ್ಕದ್ದರ ಬೇರೂ ಅಲುಗಾಡುತ್ತದೆ.

ಇನ್ನು ನೀರು. ಇದಕ್ಕೆ ಗಡಿಯಾರ ಇಲ್ಲ. "ದಿನಾ ಎರಡು ಹೊತ್ತು" ಎನ್ನುವ ಲೆಕ್ಕದಲ್ಲೇ ಎಷ್ಟೋ ಸಸಿಗಳು ಸತ್ತಿವೆ. ಪ್ಯಾಕೆಟ್ ಕೈಯಲ್ಲಿ ಎತ್ತಿ ನೋಡಿ. ಭಾರ ಇದ್ದರೆ ಸುಮ್ನೆ ಕೆಳಗಿಡಿ. ಹಗುರವಾಗಿದ್ದು, ಮೇಲಿನ ಮಣ್ಣು ಬೆರಳಿಗೆ ಒಣ ಎನಿಸಿದರೆ ನೀರು ಹಾಕಿ. ನಾಲ್ಕು ದಿನ ಹೀಗೆ ಎತ್ತಿ ನೋಡಿದರೆ ಕೈಗೇ ತೂಕ ಗೊತ್ತಾಗುತ್ತದೆ. ಹಳೆಯ ನೀರಿನ ಬಾಟಲಿಯ ಮುಚ್ಚಳಕ್ಕೆ ಕಾಯಿಸಿದ ಸೂಜಿಯಿಂದ ಹತ್ತಾರು ತೂತು ಮಾಡಿದರೆ ಹದವಾಗಿ ನೀರು ಚಿಮುಕಿಸಬಹುದು. ಬೆಳಿಗ್ಗೆ ಹಾಕುವುದು ಒಳ್ಳೆಯದು. ರಾತ್ರಿಯೆಲ್ಲ ಒದ್ದೆ ಇದ್ದರೆ ಬುಡ ಕೊಳೆಸುವ ಶಿಲೀಂಧ್ರಕ್ಕೆ ಹಬ್ಬ.

ದೊಡ್ಡ ಡಬ್ಬಿಗೆ

ಬೀಜದಿಂದ ಮೊದಲು ಬರುವ ಎರಡು ಎಲೆ ಲೆಕ್ಕಕ್ಕಿಲ್ಲ. ಅದರ ಮೇಲೆ ನಾಲ್ಕೈದು ಎಲೆ ಬಂದಾಗ ಸಸಿ ಸಿದ್ಧ. ಟೊಮೆಟೊಗೆ ಸುಮಾರು 25 ದಿನ, ಮೆಣಸಿನಕಾಯಿಗೆ 35ರಿಂದ 40 ದಿನ. ಮೆಣಸಿನಕಾಯಿಗೆ ಐದು ಲೀಟರಿನ ಎಣ್ಣೆ ಕ್ಯಾನ್ ಚಿಕ್ಕದಾದರೂ ನಡೆಯುತ್ತದೆ, ಟೊಮೆಟೊಗೆ ಹತ್ತು ಲೀಟರಿಗಿಂತ ಕಡಿಮೆಯದು ಬೇಡ. ಇವಕ್ಕೂ ತೂತು ಮರೆಯಬೇಡಿ.

ಬಿಸಿಲು ಇಳಿದ ಮೇಲೆ ನೆಡಿ. ಪ್ಯಾಕೆಟ್ಟಿನ ಪಕ್ಕವನ್ನು ಕತ್ತರಿಯಿಂದ ಸೀಳಿ, ಮಣ್ಣಿನ ಮುದ್ದೆ ಒಡೆಯದಂತೆ ಅಂಗೈಯಲ್ಲಿ ಎತ್ತಿಕೊಳ್ಳಿ. ಹಿಡಿಯಬೇಕಾಗಿ ಬಂದರೆ ಎಲೆ ಹಿಡಿಯಿರಿ, ಕಾಂಡ ಹಿಡಿಯಬೇಡಿ. ಎಲೆ ಹರಿದರೆ ಇನ್ನೊಂದು ಬರುತ್ತದೆ, ಕಾಂಡ ಜಜ್ಜಿದರೆ ಅಲ್ಲಿಗೆ ಮುಗಿಯಿತು. ಟೊಮೆಟೊ ಸಸಿಯನ್ನು ಇದ್ದದ್ದಕ್ಕಿಂತ ಆಳಕ್ಕೆ ಇಳಿಸಿ, ಮಣ್ಣಿನೊಳಗೆ ಹೋದ ಕಾಂಡವೂ ಬೇರು ಬಿಡುತ್ತದೆ. ಮೆಣಸಿನಕಾಯಿ ಎಷ್ಟು ಆಳದಲ್ಲಿತ್ತೋ ಅಷ್ಟೇ ಇರಲಿ.

ಮೊದಲ ಎರಡು ಮೂರು ದಿನ ಎಲೆ ಜೋತುಬಿದ್ದರೆ ಗಾಬರಿಯಾಗಿ ನೀರು ಸುರಿಯಬೇಡಿ. ನೆರಳಿಗೆ ಸರಿಸಿ, ಸಂಜೆ ಒಮ್ಮೆ ನೋಡಿ. ಸೀಳಿದ ಪ್ಯಾಕೆಟ್ಟನ್ನು ತೊಳೆದು ಒಣ ಕಸದ ಬುಟ್ಟಿಗೆ ಹಾಕಿ. ನಾಳೆಯ ಹಾಲಿನ ಪ್ಯಾಕೆಟ್ ಹೇಗೂ ಬರುತ್ತದೆ.