ಪೋಲಿಶ್‌ಗೆ ಮೂರು ವರ್ಷ, ಆರ್ಮೇನಿಯನ್‌ಗೆ ಒಂಬತ್ತು ತಿಂಗಳು: ನನ್ನ ಅನುಭವ

ಅಮೆರಿಕ ತನ್ನ ರಾಜತಾಂತ್ರಿಕರಿಗೆ ಭಾಷೆ ಕಲಿಸೋಕೆ ಒಂದು ಸಂಸ್ಥೆ ಇಟ್ಟುಕೊಂಡಿದೆ. ಅದರ ಪಟ್ಟಿಯಲ್ಲಿ ಪೋಲಿಶ್, ಆರ್ಮೇನಿಯನ್ ಎರಡೂ ಒಂದೇ ಗುಂಪು. ತಲಾ 44 ವಾರ, 1100 ಗಂಟೆ. ಆ ಪಟ್ಟಿ ನಂಬಿ ನಾನು ಕೆಟ್ಟೆ. ಅದು ಇಂಗ್ಲಿಷ್ ಮನೆಮಾತಿನವರ ಲೆಕ್ಕ, ಶಿವಮೊಗ್ಗದವರದಲ್ಲ.

2016ರಲ್ಲಿ ಕೆಲಸದ ಮೇಲೆ ಪೋಲೆಂಡಿನ ಕ್ರಾಕೋವ್‌ಗೆ ಹೋದೆ. ಸಂಜೆ ಕ್ಲಾಸಿಗೆ ಸೇರಿದೆ, ಸೆಮಿಸ್ಟರಿಗೆ 1100 ಜ್ಲೋಟಿ (ಅಲ್ಲಿನ ಹಣ) ಇರಬೇಕು. ಎರಡು ಸೆಮಿಸ್ಟರ್ ಆದರೂ ಬಾಯಿ ತಿರುಗಲಿಲ್ಲ. ಆಮೇಲೆ ಮನೆಪಾಠ, ಗಂಟೆಗೆ 70 ಜ್ಲೋಟಿಯಂತೆ ಒಂದು 40 ಗಂಟೆ. ಎಲ್ಲವೂ ಇಂಗ್ಲಿಷ್ ಮೂಲಕವೇ.

ಬನ್ನಿನ ಕಥೆ ಹೇಳಲೇಬೇಕು. ಎರಡು, ಮೂರು, ನಾಲ್ಕು ಬನ್ನಿಗೆ 'ಬೂವ್ಕಿ'. ಐದಾದರೆ 'ಬೂವೆಕ್'. 22 ಆದರೆ ಮತ್ತೆ 'ಬೂವ್ಕಿ'! ಈ ತಲೆನೋವು ಬೇಡ ಅಂತ ಆರೇಳು ತಿಂಗಳು ದಿನಾ ನಾಲ್ಕೇ ಬನ್ ತಂದೆ. ಮನೆಯಲ್ಲಿ ಇದ್ದದ್ದು ಇಬ್ಬರು. ಉಳಿದದ್ದಕ್ಕೆ ಒಗ್ಗರಣೆ ಹಾಕಿ ಉಪ್ಪಿಟ್ಟು ಮಾಡುತ್ತಿದ್ದೆ.

ಇನ್ನೊಂದು ಮಾನ ಹೋದ ಸಂಗತಿ. ನಮ್ಮಲ್ಲಿ 'ಕೊಂಡೆ' ಅಂತ ಗಂಡಸೂ ಹೇಳಬಹುದು, ಹೆಂಗಸೂ ಹೇಳಬಹುದು. ಪೋಲಿಶ್‌ನಲ್ಲಿ ಗಂಡಸು 'ಕುಪಿವೆಮ್' ಅನ್ನಬೇಕು, ಹೆಂಗಸು 'ಕುಪಿವಾಮ್'. ನಾನು ಪಕ್ಕದ ಸೀಟಿನ ಹುಡುಗ ಆಡುವುದನ್ನು ಕೇಳಿ ಕೇಳಿ ಕಲಿತವಳು. ಅರ್ಧ ವರ್ಷ ಗಂಡಸಾಗಿ ಮಾತಾಡಿದ್ದೇನೆ. ಬೇಕರಿಯ ಅಜ್ಜಿ ನಗುತ್ತಿದ್ದದ್ದು ಯಾಕೆ ಅಂತ ತಡವಾಗಿ ಗೊತ್ತಾಯಿತು.

ಬಿ1 ಅಂತ ಪೋಲಿಶ್‌ನ ಮಧ್ಯಮ ಮಟ್ಟದ ಪರೀಕ್ಷೆ, ಅದಕ್ಕೆ ಕೂತೆ. ಫೀಸು 150 ಯೂರೊ ಆಸುಪಾಸು. ವ್ಯಾಕರಣಕ್ಕೆ ಬೇರೆಯೇ ಭಾಗ ಇರುತ್ತದೆ, ಅಲ್ಲೇ ಡುಮ್ಕಿ.

ಸಿಟ್ಟಿನಲ್ಲಿ ಹಳೆಯ ನೋಟ್ಸು ಮೂಲೆಗೆಸೆದು ಹೊಸ ಪುಸ್ತಕದಲ್ಲಿ ಎಲ್ಲವನ್ನೂ ಕನ್ನಡದಲ್ಲಿ ಬರೆಯಲು ಶುರು ಮಾಡಿದೆ. ಅಕ್ಷರವೂ ಕನ್ನಡ, ಅರ್ಥವೂ ಕನ್ನಡ. "ಉಚ್ಚಾರ ಕೆಡುತ್ತೆ ಕಣೇ, ಹಳ್ಳಿ ಸ್ಕೂಲಿನ ಬುದ್ಧಿ" ಅಂತ ನನ್ನ ಜೊತೆ ಕಲಿಯುತ್ತಿದ್ದ ಬೆಂಗಳೂರಿನ ಗೆಳತಿ ಅಂದಳು. ಪಾಠದ ಮೇಡಂ ಕೂಡ ಮುಖ ಗಂಟಿಕ್ಕಿದರು. ಆದರೆ ಎಸ್-ಜ಼ೆಡ್ ಜೋಡಿ ಹೆಚ್ಚುಕಡಿಮೆ ನಮ್ಮ ಷ, ತಲೆ ಮೇಲೆ ಗೀಟಿರುವ ಎಸ್ ನಮ್ಮ ಶ. ಕನ್ನಡ ಮೇಷ್ಟ್ರು ಬೆತ್ತ ಹಿಡಿದು ಕಲಿಸಿದ ವ್ಯತ್ಯಾಸ ಕ್ರಾಕೋವ್‌ನಲ್ಲಿ ಕೆಲಸಕ್ಕೆ ಬಂತು. ಪೋಲಿಶ್ ಕ್ರಿಯಾಪದಗಳು ಸಾಮಾನ್ಯವಾಗಿ ಜೋಡಿಯಲ್ಲಿ ಬರುತ್ತವೆ, ನಡೆಯುತ್ತಿದ್ದದ್ದಕ್ಕೆ ಒಂದು, ಮುಗಿದದ್ದಕ್ಕೆ ಒಂದು. ಮುಗಿದದ್ದಕ್ಕೆ ನಮ್ಮ 'ಬಿಡು' ಹಚ್ಚಿದೆ. 'ಯಾದ್ವಾಮ್' ಅಂದರೆ ತಿನ್ನುತ್ತಿದ್ದೆ, 'ಜ್ಯಾದ್ವಾಮ್' ಅಂದರೆ ತಿಂದುಬಿಟ್ಟೆ. ನೂರಕ್ಕೆ ಎಪ್ಪತ್ತು ಸಲ ಸರಿಹೋಗುತ್ತದೆ. ಉಳಿದ ಮೂವತ್ತಕ್ಕೆ ಬೇರೆ ಉಪಾಯ ಇದೆ, ಅದನ್ನು ಇಲ್ಲಿ ಬರೆಯಲ್ಲ. 2019ರಲ್ಲಿ ಎರಡನೇ ಸಲಕ್ಕೆ ಪಾಸು. ಒಟ್ಟು ಖರ್ಚು ಲಕ್ಷ ರೂಪಾಯಿ ಮೇಲೆ.

2021ರಲ್ಲಿ ಆರ್ಮೇನಿಯದ ರಾಜಧಾನಿ ಯೆರೆವಾನ್. ಈ ಸಲ ಮೊದಲ ದಿನದಿಂದಲೇ ಕನ್ನಡ ನೋಟ್‌ಬುಕ್.

ಆದರೂ ಶುರುವಿನಲ್ಲೇ ಎಡವಿದೆ. ಅಗ್ಗಕ್ಕೆ ಸಿಕ್ಕಿತು ಅಂತ ಹಳೆಯ ಪುಸ್ತಕವೊಂದನ್ನು ಮೂರು ಸಾವಿರ ರೂಪಾಯಿ ಕೊಟ್ಟು ತರಿಸಿದ್ದೆ. ಅದು ಪಶ್ಚಿಮ ಆರ್ಮೇನಿಯನ್, ಹೊರದೇಶಗಳಲ್ಲಿ ನೆಲೆಸಿದವರ ಮಾತು. ಯೆರೆವಾನ್‌ನಲ್ಲಿ ಆಡುವುದು ಪೂರ್ವದ್ದು. ನಮಸ್ಕಾರಕ್ಕೆ ಪೂರ್ವದಲ್ಲಿ 'ಬಾರೆವ್', ಪಶ್ಚಿಮದಲ್ಲಿ 'ಪಾರೆವ್'. ಅಕ್ಷರ ಒಂದೇ, ಸದ್ದು ಅದಲುಬದಲು. ಒಂದು ತಿಂಗಳು ದಂಡ. ಕೊಳ್ಳುವ ಮೊದಲು ಯಾವ ಆರ್ಮೇನಿಯನ್ ಅಂತ ನೋಡಿಕೊಳ್ಳಿ.

ಮೆಸ್ರೊಪ್ ಮಾಷ್ಟೊತ್ಸ್ ಅನ್ನೋ ಕ್ರೈಸ್ತ ಸನ್ಯಾಸಿ ಕ್ರಿ.ಶ. 405ರ ಸುಮಾರಿಗೆ ಕಟ್ಟಿದ ಲಿಪಿ, ಈಗ 39 ಅಕ್ಷರ. ಹೆದರಬೇಡಿ, ಹತ್ತು ದಿನ ಸಾಕು. ಪ ಫ ಬ, ತ ಥ ದ, ಕ ಖ ಗ, ಚ ಛ ಜ ಎಲ್ಲ ಅಲ್ಲಿವೆ. ಇಂಗ್ಲಿಷಿನವರು ಒದ್ದಾಡುವುದೇ ಇಲ್ಲಿ. ನಾವೂ ಮಾತಿನಲ್ಲಿ ಮಹಾಪ್ರಾಣ ನುಂಗುವವರೇ ಅನ್ನಿ, ಆದರೆ ಕಣ್ಣಿಗೆ ಗೊತ್ತಿರುತ್ತದೆ. 'ಕಾರ್' ಅಂದರೆ ಇತ್ತು, 'ಖಾರ್' ಅಂದರೆ ಕಲ್ಲು. ಎರಡು ಬಗೆಯ ರ ಬೇರೆ ಇದೆ. ಒಂದಕ್ಕೆ ರ, ಒತ್ತಿ ಹೇಳುವುದಕ್ಕೆ ಹಳಗನ್ನಡದ ಱ ಹಾಕಿಕೊಂಡೆ. ಈ ಐಡಿಯಾ ನನ್ನದೇ! ಬರೆಯದೇ ಉಚ್ಚರಿಸುವ ಸ್ವರಕ್ಕೆ ಮಾಡಿಕೊಂಡ ಗುರುತು ಮಾತ್ರ ಗುಟ್ಟು.

ಆಮೇಲೆ ವಿಭಕ್ತಿ. ದೊಡ್ಡ ನಗರಗಳಲ್ಲಿ ಅನ್ನೋಕೆ 'ಮೆತ್ಸ್ ಖಾಘಾಖ್-ನೆರ್-ಉಮ್'. ದೊಡ್ಡ, ನಗರ, ಗಳ, ಅಲ್ಲಿ. ಅದೇ ಸಾಲು! 'ಮೆತ್ಸ್' ಬದಲಾಗುವುದೇ ಇಲ್ಲ. ಪೋಲಿಶ್‌ನಲ್ಲಿ 'ವ್ ದೂಝಿಹ್ ಮ್ಯಾಸ್ತಾಹ್', ಒಂದೇ ನಗರವಾದರೆ 'ವ್ ದೂಝಿಮ್ ಮ್ಯೆಶ್ಚೆ'. ದೊಡ್ಡ ಅನ್ನೋ ಪದವೂ ವೇಷ ಬದಲಿಸುತ್ತದೆ. ಮೇಜಿನ ಮೇಲೆ ಅನ್ನೋಕೆ 'ಸೆಘಾನಿ ವ್ರಾ'. ಷಷ್ಠಿ ಹಚ್ಚಿ ಆಮೇಲೆ 'ಮೇಲೆ'. ಲಿಂಗ ಇಲ್ಲವೇ ಇಲ್ಲ, ಅವನು ಅವಳು ಎರಡಕ್ಕೂ 'ನಾ'. ಐದರ ಮುಂದೆಯೂ ಏಕವಚನವೇ, ನಮ್ಮ ಐದು ಮನೆಯ ಹಾಗೆ. ಬನ್ನಿನ ಕಾಟ ತಪ್ಪಿತು.

ನಡುವೆ ಸಂಸ್ಕೃತದ ನಂಟು ಹುಡುಕೋ ಹುಚ್ಚು ಹಿಡಿಯಿತು. ಪೋಲಿಶ್ 'ಓಗ್ಯೆನ್' ನಮ್ಮ ಅಗ್ನಿ, 'ದಿಮ್' ಧೂಮ. ಆರ್ಮೇನಿಯನ್ 'ತಾಸ್' ದಶ, 'ದುಸ್ತ್ರ್' ದುಹಿತೃ. ಮೂರು ವಾರ ಕೂತು ಇಪ್ಪತ್ತೋ ಇಪ್ಪತ್ತೈದೋ ಪದ ಸಿಕ್ಕವು. ಮಜಾ ಇತ್ತು, ತರಕಾರಿ ಕೊಳ್ಳೋಕೆ ಮಾತ್ರ ಪ್ರಯೋಜನವಾಗಲಿಲ್ಲ.

ಗಂಟೆಗೆ 5000 ದ್ರಾಮ್‌ನಂತೆ (ಆರ್ಮೇನಿಯದ ಹಣ) 50 ಗಂಟೆ ಪಾಠ. ದಂಡದ ಪುಸ್ತಕವೂ ಸೇರಿ 40 ಸಾವಿರ ರೂಪಾಯಿ ಮುಟ್ಟಿತೋ ಇಲ್ಲವೋ. ಒಂಬತ್ತನೇ ತಿಂಗಳಿಗೆ ಮನೆ ಓನರ್ ಜೊತೆ ಬಾಡಿಗೆಗೆ ಜಗಳ ಆಡಿದೆ, ಗೆದ್ದೆ. ಎರಡನೇ ಭಾಷೆ ಅಲ್ವಾ, ಅದಕ್ಕೇ ಸುಲಭ ಆಯಿತು ಅಂತ ನಮ್ಮ ಯಜಮಾನರ ವಾದ. ಸ್ವಲ್ಪ ನಿಜ ಇರಬಹುದು. ಆದರೆ ಊರೊಳಗೆ ಜನರನ್ನು ಒಯ್ಯುತ್ತಿದ್ದ ಮಾರ್ಶ್ರೂಟ್ಕಾ ವ್ಯಾನಿನಲ್ಲಿ ಇಳಿಯೋರು ಕೂಗುತ್ತಿದ್ದ 'ಕಂಗಾಱುಮ್ ಕ್ಪಾಹೆಖ್' ನನ್ನ ಕಿವಿಗೆ ಮೊದಲ ವಾರವೇ 'ಸ್ಟಾಪಲ್ಲಿ ನಿಲ್ಸಿ' ಅಂತಲೇ ಕೇಳಿತ್ತು, ಅದೇ ಕ್ರಮದಲ್ಲಿ.

ಕೆಲಸ, ಸಂಬಳ ನೋಡಿದರೆ ಪೋಲಿಶ್ಶೇ ಕಲಿಯಿರಿ. ಪುಸ್ತಕ, ಆ್ಯಪ್ ಬೇಕಾದಷ್ಟಿವೆ. ಆರ್ಮೇನಿಯನ್‌ಗೆ ಸಾಮಗ್ರಿ ಕಡಿಮೆ, ಮೇಲಾಗಿ ಯೆರೆವಾನ್‌ನವರು ನಮ್ಮ ಮುಖ ನೋಡಿದ ಕೂಡಲೇ ಇಂಗ್ಲಿಷಿಗೋ ರಷ್ಯನ್ನಿಗೋ ಜಾರುತ್ತಾರೆ. ಮೆಡಿಕಲ್ ಓದೋಕೆ ಅಲ್ಲಿಗೆ ಹೋಗುವ ನಮ್ಮ ಮಕ್ಕಳು ಮಾತ್ರ ಬಿಡಬಾರದು, ರೋಗಿಗಳು ಇಂಗ್ಲಿಷಿನಲ್ಲಿ ನರಳುವುದಿಲ್ಲ.

ಹಳ್ಳಿ ಸ್ಕೂಲಿನ ಬುದ್ಧಿ ಅಂದ ಗೆಳತಿ ಹೋದ ತಿಂಗಳು ನೋಟ್‌ಬುಕ್ ಫೋಟೋ ಕೇಳಿದಳು. ಕಳಿಸಿದೆ, ನಾಲ್ಕು ಪುಟ ಬಿಟ್ಟು.