ಐಸ್ ಪ್ಲಾಂಟಿನ ಅಮೋನಿಯಾ ಮತ್ತು ತಿರುಗಿದ ಗಾಳಿ

ಕೆಮಿಕಲ್ ಬೆಂಕಿ ಅಂದರೆ ದೊಡ್ಡ ಕಾರ್ಖಾನೆ, ಉದ್ದ ಚಿಮಣಿ ಅಂತ ಜನ ಅಂದುಕೊಳ್ಳುತ್ತಾರೆ. ನಮ್ಮ ಕರಾವಳಿಯಲ್ಲಿ ಹಾಗಿಲ್ಲ. ಕಾರವಾರದಿಂದ ಭಟ್ಕಳದವರೆಗೆ ಯಾವ ಮೀನುಗಾರಿಕೆ ಬಂದರಿಗೆ ಹೋದರೂ ಹತ್ತಿರದಲ್ಲೊಂದು ಐಸ್ ಪ್ಲಾಂಟ್ ಸಿಗುತ್ತದೆ. ತಗಡಿನ ಶೆಡ್ಡು, ಒಳಗೆ ಹಳೆಯ ಕಂಪ್ರೆಸರ್, ಪೈಪಿನಲ್ಲಿ ತಣ್ಣಗೆ ಮಾಡುವ ಅಮೋನಿಯಾ. ನಾನು ಅಗ್ನಿಶಾಮಕದಲ್ಲಿದ್ದಾಗ ಸರಿಯಾದ ಪಾಠ ಕಲಿತದ್ದು ಅಂಥದ್ದೊಂದು ಶೆಡ್ಡಿನ ಮುಂದೆ. ಯಾವ ಬಂದರು, ಯಾರ ಪ್ಲಾಂಟು ಅಂತ ಇಲ್ಲಿ ಬೇಡ. ತಪ್ಪು ನನ್ನದೇ ಇತ್ತು.

ಜನವರಿ ತಿಂಗಳು. ಬೆಳಗಿನ ಜಾವ ಐದೂವರೆಗೆ ಕರೆ ಬಂತು. ಕರೆಂಟ್ ಬೋರ್ಡಿನಲ್ಲಿ ಹತ್ತಿದ ಬೆಂಕಿ ಗೋಡೆಯ ಥರ್ಮೊಕೋಲ್‌ಗೆ ಹಿಡಿದಿತ್ತು. ಕಪ್ಪು ಹೊಗೆ. ಹತ್ತಿರ ಹೋಗುವಷ್ಟರಲ್ಲಿ ಮೂಗಿಗೆ ಚುಚ್ಚುವ ವಾಸನೆ ಬಡಿಯಿತು. ಬೆಂಕಿಯ ಕಾವಿಗೆ ಯಾವುದೋ ಜಾಯಿಂಟ್ ಬಿಟ್ಟು ಅಮೋನಿಯಾ ಸೋರುತ್ತಿತ್ತು.

ಮೊದಲ ಕೆಲಸ ನೀರು ಹೊಡೆಯುವುದಲ್ಲ, ಒಳಗೆ ಏನಿದೆ ಅಂತ ಕೇಳುವುದು. ಪ್ರತಿ ವರ್ಷ ಏಪ್ರಿಲ್ 14ಕ್ಕೆ ನಾವು ನೆನೆಯುವುದು 1944ರ ಬಾಂಬೆ ಡಾಕ್ ದುರಂತವನ್ನು. ಫೋರ್ಟ್ ಸ್ಟೈಕಿನ್ ಎಂಬ ಒಂದೇ ಹಡಗಿನಲ್ಲಿ ಹತ್ತಿಯೂ ಇತ್ತು, ಸ್ಫೋಟಕವೂ ಇತ್ತು. ಅಗ್ನಿಶಾಮಕದ ನಮ್ಮವರೇ 66 ಮಂದಿ ಹೋದರು. ಹಾಗಾಗಿ ರಾತ್ರಿ ಪಾಳಿಯ ಆಪರೇಟರನನ್ನು ಹಿಡಿದು ನಿಲ್ಲಿಸಿದೆ. ಒಳಗೆ ಯಾರಾದರೂ ಇದ್ದಾರಾ? ದ್ರವ ಅಮೋನಿಯಾ ತುಂಬಿಡುವ ರಿಸೀವರ್ ಟ್ಯಾಂಕ್ ಎಲ್ಲಿದೆ? ಎಷ್ಟು ತುಂಬಿದೆ? ಅದರಿಂದ ಅಮೋನಿಯಾ ಹೊರಗೆ ಹೋಗದಂತೆ ಮುಚ್ಚುವ ಕಿಂಗ್ ವಾಲ್ವ್ ಯಾವ ಕಡೆ? ಪಾಪ, ಅವನ ಕೈ ನಡುಗುತ್ತಿತ್ತು. ಆದರೂ ಮರಳಿನ ಮೇಲೆ ಕಡ್ಡಿಯಿಂದ ನಕ್ಷೆ ಬರೆದು ತೋರಿಸಿದ. ಆ ನಕ್ಷೆ ಇಲ್ಲದಿದ್ದರೆ ನಾವು ಹೊಗೆಯಲ್ಲಿ ಗೋಡೆ ತಡವುತ್ತಾ ಇರಬೇಕಿತ್ತು.

ಗಾಳಿ ನೋಡಿದೆ. ಘಟ್ಟದ ಕಡೆಯಿಂದ ಸಮುದ್ರದ ಕಡೆಗೆ ತಣ್ಣಗೆ ಬೀಸುತ್ತಿತ್ತು. ಸರಿ, ಪೂರ್ವಕ್ಕೆ, ರಸ್ತೆ ಬದಿಗೆ ಗಾಡಿ ನಿಲ್ಲಿಸಿದೆವು. ಗಾಳಿ ನಮ್ಮ ಬೆನ್ನಿಗೆ, ವಿಷ ಸಮುದ್ರಕ್ಕೆ. ಪುಸ್ತಕದಲ್ಲಿ ಹೇಳಿದ ಹಾಗೇ ಮಾಡಿದ್ದೇನೆ ಅಂತ ಒಳಗೊಳಗೇ ಖುಷಿ.

ಪುಸ್ತಕದಲ್ಲಿ ಅಮೋನಿಯಾ ಗಾಳಿಗಿಂತ ಹಗುರ, ಮೇಲಕ್ಕೆ ಹೋಗುತ್ತದೆ ಅಂತಲೂ ಇದೆ. ನಿಜವೇ. ಆದರೆ ದ್ರವ ರೂಪದ ಅಮೋನಿಯಾ ಮೈನಸ್ 33 ಡಿಗ್ರಿಯಲ್ಲೇ ಕುದಿಯುತ್ತದೆ, ಅಷ್ಟು ತಣ್ಣಗಿನದು ಕರಾವಳಿಯ ಹಸಿ ಗಾಳಿಗೆ ಸಿಕ್ಕರೆ ಬಿಳಿ ಮಂಜಾಗಿ ನೆಲ ಹಿಡಿದೇ ಹರಿಯುತ್ತದೆ. ಅವತ್ತು ಅದು ಮೊಣಕಾಲೆತ್ತರದಲ್ಲಿ ಬಾಗಿಲಿನಿಂದ ಹೊರಗೆ ತೆವಳುತ್ತಿತ್ತು. ನೋಡಲು ಚಂದ, ಅಷ್ಟೇ.

ಬಿಎ ಸೆಟ್, ಅಂದರೆ ಬೆನ್ನಿನ ಸಿಲಿಂಡರಿನಿಂದ ಉಸಿರಾಡುವ ಮಾಸ್ಕ್, ಹಾಕಿಕೊಂಡು ಇಬ್ಬರು ಒಳಗೆ ಹೋದೆವು. ಹಿಂದೆ ಇನ್ನಿಬ್ಬರು ಸೆಟ್ ಹಾಕಿಯೇ ಬಾಗಿಲ ಬಳಿ ತಯಾರು. ಬಿಎ ಸೆಟ್ ಬಗ್ಗೆ ಒಂದು ಮಾತು. 6.8 ಲೀಟರಿನ ಸಿಲಿಂಡರಿಗೆ 300 ಬಾರ್ ತುಂಬಿದರೆ ಸುಮಾರು 2000 ಲೀಟರ್ ಗಾಳಿ. 45 ನಿಮಿಷ ಬರುತ್ತದೆ ಅಂತ ಹೇಳಿಕೊಡುತ್ತಾರೆ. ಏದುಸಿರು ಬಿಡುತ್ತಾ ಹೋಸ್ ಎಳೆದರೆ 20-25 ನಿಮಿಷಕ್ಕೇ ಗಾಳಿ ಮುಗಿಯುತ್ತಾ ಬಂತು ಅಂತ ಸೀಟಿ ಹೊಡೆಯುತ್ತದೆ. ಇನ್ನು ಗಡ್ಡ. ಎರಡು ದಿನದ ಕುರುಚಲು ಗಡ್ಡ ಇದ್ದರೂ ಮಾಸ್ಕಿನ ಅಂಚು ಕೂರುವುದಿಲ್ಲ, ಸಂದಿಯಲ್ಲಿ ಗ್ಯಾಸ್ ನುಗ್ಗುತ್ತದೆ. ಡ್ಯೂಟಿಗೆ ಬರುವ ಮೊದಲು ಶೇವ್ ಮಾಡಿ ಅಂತ ನಾನು ಹುಡುಗರ ತಲೆ ತಿನ್ನುತ್ತಿದ್ದದ್ದು ಇದಕ್ಕೇ, ಶೋಕಿಗಲ್ಲ.

ಮಾಸ್ಕ್ ಹಾಕಿದರೆ ಉಸಿರಿಗೆ ತೊಂದರೆ ಇಲ್ಲ, ಮೈಗೆ ಇದೆ. ಬೆಂಕಿಯ ಸೂಟು ಗ್ಯಾಸ್ ತಡೆಯುವುದಿಲ್ಲ. ಅಮೋನಿಯಾಕ್ಕೆ ನೀರು ಕಂಡರೆ ಆಸೆ, ಬೆವರೂ ನೀರೇ ಅಲ್ವಾ? ಕಂಕುಳು, ತೊಡೆಸಂದು, ಕುತ್ತಿಗೆಯ ಸುತ್ತ ಮೆಣಸಿನಪುಡಿ ಹಚ್ಚಿದ ಹಾಗೆ ಉರಿಯಿತು. ನಮ್ಮ ಸೆಖೆಯಲ್ಲಿ ಒಣಗಿದ ಮೈ ಎಲ್ಲಿಂದ ತರುವುದು?

ಇದೇ ಆಸೆ ನಮಗೆ ಉಪಯೋಗಕ್ಕೂ ಬರುತ್ತದೆ. ಫಾಗ್ ನಾಝಲ್‌ನಿಂದ ಸಣ್ಣ ಹನಿಯ ಪರದೆ ಕಟ್ಟಿದರೆ ಗಾಳಿಯಲ್ಲಿರುವ ಅಮೋನಿಯಾ ನೀರಿಗಿಳಿಯುತ್ತದೆ. ಆದರೆ ನೆಲದ ಮೇಲೆ ನಿಂತ ದ್ರವಕ್ಕೆ ನೀರು ಹೊಡೆಯಬಾರದು. ನೀರಿನ ಬಿಸಿಗೇ ಅದು ಇನ್ನೂ ಜೋರಾಗಿ ಕುದಿದು ಮೇಲೇಳುತ್ತದೆ. ಕ್ಲೋರಿನ್ ಆಗಿದ್ದರೆ ಲೆಕ್ಕವೇ ಬೇರೆ. ಅದು ಗಾಳಿಗಿಂತ ಎರಡೂವರೆ ಪಟ್ಟು ಭಾರ, ತಗ್ಗಿನಲ್ಲಿ ಕೂರುತ್ತದೆ. ಸೋರುವ ಜಾಗಕ್ಕೆ ನೀರು ಬಿದ್ದರೆ ಆಸಿಡ್ ಆಗಿ ಲೋಹ ತಿಂದು ತೂತು ದೊಡ್ಡದಾಗುತ್ತದೆ. ಹೆದ್ದಾರಿ 66ರಲ್ಲಿ ಟ್ಯಾಂಕರ್ ಬಿದ್ದಾಗಲೂ ಅಷ್ಟೇ. ಮೊದಲು ದೂರದಿಂದ ಅದರ ಬೋರ್ಡಿನ ನಾಲ್ಕು ಅಂಕಿ ಓದಬೇಕು. 1005 ಅಮೋನಿಯಾ, 1017 ಕ್ಲೋರಿನ್, 1075 ಅಡುಗೆ ಗ್ಯಾಸ್. ಈ ಅಂಕಿಗಳು ನನಗೆ ಮನೆಯ ಫೋನ್ ನಂಬರಿಗಿಂತ ಚೆನ್ನಾಗಿ ಬಾಯಿಗೆ ಬರುತ್ತವೆ.

ಥರ್ಮೊಕೋಲ್ ಬೆಂಕಿ ಬೇಗ ಹಿಡಿತಕ್ಕೆ ಬಂತು. ರಿಸೀವರ್ ಮೇಲೆ ಮಾತ್ರ ನೀರು ಬಿಡುತ್ತಲೇ ಇರಬೇಕಿತ್ತು, ಕಾದರೆ ಒಳಗಿನ ಒತ್ತಡ ಏರುತ್ತದೆ. ಗಾಡಿಯ 4500 ಲೀಟರ್ ಎಷ್ಟು ಹೊತ್ತು? ಜೆಟ್ಟಿಯ ಉತ್ತರ ತುದಿಯಲ್ಲಿ ಪೋರ್ಟಬಲ್ ಪಂಪ್ ಇಟ್ಟು ಸಮುದ್ರದ ನೀರೇ ಎತ್ತಿದೆವು. ಇಳಿತದ ಹೊತ್ತು. ಸಕ್ಷನ್ ಬಾಯಿಗೆ ಕೆಸರು, ಹರಿದ ಬಲೆ, ಪ್ಲಾಸ್ಟಿಕ್. ಮೀನಿನ ಬುಟ್ಟಿಯೊಂದನ್ನು ಬೇಡಿ ತಂದು ಅದರೊಳಗೆ ಸಕ್ಷನ್ ಇಳಿಸಿದ ಮೇಲೆ ಸರಿಯಾಯಿತು. ಅಮೋನಿಯಾ ಸೇರಿದ ನೀರು ಬಂದರಿಗೆ ಇಳಿದರೆ ಮೀನು ಸಾಯುತ್ತದೆ. ಅದಕ್ಕೆ ಚರಂಡಿಗೆ ಮರಳಿನ ಚೀಲ ಅಡ್ಡ ಇಟ್ಟೆವು. ಅರ್ಧ ನಿಂತಿತು, ಅರ್ಧ ಹೋಯಿತು.

ಕಿಂಗ್ ವಾಲ್ವ್ ತಿರುಗಲಿಲ್ಲ. ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಮೆಕ್ಯಾನಿಕ್ ಬೇರೆ ಊರಿನಿಂದ ಬರಬೇಕು. ಕಾಯುತ್ತಾ ಒಂಬತ್ತು ಗಂಟೆಯಾಯಿತು. ಆಗ ವಯಸ್ಸಾದ ಮೀನುಗಾರರೊಬ್ಬರು ಬಂದು, "ಸಾಹೇಬ್ರೇ, ಬಿಸಿಲು ಏರಿದ್ರೆ ಗಾಳಿ ತಿರುಗ್ತದೆ. ಗಾಡಿ ಇಲ್ಲೇ ಇಟ್ರೆ ನಿಮ್ಗೇ ಕಷ್ಟ" ಅಂದರು. ನಾನು, "ಆಯ್ತು ಅಜ್ಜ, ನೀವು ಆ ಕಡೆ ಹೋಗಿ" ಅಂದೆ.

ಹತ್ತು ಗಂಟೆ ಸುಮಾರಿಗೆ ಗಾಳಿ ನಿಂತಿತು. ಮರದ ಎಲೆ ಅಲ್ಲಾಡಲಿಲ್ಲ. ಅದೇ ಸೂಚನೆ, ನನಗೆ ತಿಳಿಯಲಿಲ್ಲ. ಕಾಲು ಗಂಟೆಯಲ್ಲಿ ಸಮುದ್ರದ ಗಾಳಿ ಎದ್ದು ಶೆಡ್ಡಿನೊಳಗಿದ್ದದ್ದೆಲ್ಲ ನಮ್ಮ ಗಾಡಿಯ ಮೇಲೆ ಬಂತು. ಪಂಪ್ ಆಪರೇಟರ್ ಹುಡುಗ ಮಾಸ್ಕ್ ಇಲ್ಲದೆ ನಿಂತಿದ್ದ. ಅಲ್ಲಿ ಗಾಳಿ ಚೊಕ್ಕವಾಗಿದೆ ಅಂತ ನಾನೇ ಹೇಳಿದ್ದೆ. ಅವನು ಕಣ್ಣು ಮುಚ್ಚಿ ಕೆಮ್ಮುತ್ತಾ ಕೂತುಬಿಟ್ಟ. ಎತ್ತಿಕೊಂಡು ಓಡಿ, ಬಟ್ಟೆ ಕಳಚಿ, ಕಣ್ಣಿಗೆ ಕಾಲು ಗಂಟೆ ಬಿಡದೆ ಸಿಹಿನೀರು ಸುರಿದೆವು. ಆಮೇಲೆ ಆಸ್ಪತ್ರೆ. ಎರಡು ದಿನಕ್ಕೆ ಕಣ್ಣು ಸರಿಯಾಯಿತು. ಗಾಡಿಯ ಮೂತಿ ಶೆಡ್ಡಿನ ಕಡೆಗೇ ಇತ್ತು. ಕಣ್ಣೀರು ಸುರಿಸುತ್ತಾ ರಿವರ್ಸ್ ತೆಗೆದದ್ದು ನಾನು.

ಮೆಕ್ಯಾನಿಕ್ ಬಂದ. ಅವನಿಗೂ ಸೆಟ್ ತೊಡಿಸಿ, ಇಬ್ಬರ ನಡುವೆ ಕರೆದುಕೊಂಡು ಹೋಗಿ ವಾಲ್ವ್ ಮುಚ್ಚಿಸಿದೆವು. ಎಲ್ಲ ಮುಗಿದ ಮೇಲೆ ಅವನೇ ಗಂಧಕದ ಬತ್ತಿ ಹಚ್ಚಿ ಒಂದೊಂದೇ ಜಾಯಿಂಟಿಗೆ ಹಿಡಿದ. ಸೋರುವಲ್ಲಿ ಬಿಳಿ ಹೊಗೆ ಏಳುತ್ತದೆ. ಐಸ್ ಪ್ಲಾಂಟಿನವರ ಹಳೆಯ ಉಪಾಯ.

ಅದಾದ ಮೇಲೆ ಗಾಳಿಯ ದಿಕ್ಕು ನೋಡಲು ಗಾಡಿಯ ಕನ್ನಡಿಗೆ ಒಂದು ಕೆಂಪು ರಿಬ್ಬನ್ ಕಟ್ಟಿದೆ. ಎಲ್ಲಿ ನಿಲ್ಲಿಸಿದರೂ ಗಾಡಿಯ ಮೂತಿ ಹೊರಗಡೆಗೆ. ಗಾಳಿ ತಿರುಗಿದರೆ ಯಾವ ಕಡೆ ಓಡುವುದು ಅನ್ನುವುದು ಹೋಸ್ ಬಿಚ್ಚುವ ಮೊದಲೇ ತೀರ್ಮಾನ. ಪಂಪ್ ಆಪರೇಟರನ ಪಕ್ಕದಲ್ಲೂ ಒಂದು ಸೆಟ್. ಮತ್ತೆ ಆ ಬಂದರಿಗೆ ಹೋದಾಗ ಅಜ್ಜನನ್ನು ಹುಡುಕಿ ಕ್ಷಮೆ ಕೇಳಿದೆ. ಅವರಿಗೆ ನನ್ನ ನೆನಪೇ ಇರಲಿಲ್ಲ. "ಮೀನಿನ ಬುಟ್ಟಿ ತಕಂಡು ಹೋದವ್ರು ನೀವೇನ್ರೋ? ಅದು ವಾಪಸ್ ಬರ್ಲೇ ಇಲ್ಲ" ಅಂದರು.