ಲಿನಕ್ಸ್ ಪರದೆ ಕಪ್ಪಾದರೆ: ಗ್ರಾಫಿಕ್ಸ್ ಡ್ರೈವರ್ ದೋಷವನ್ನು ಪತ್ತೆ ಹಚ್ಚುವ ಬಗೆ

ಅಪ್‌ಡೇಟ್ ಮುಗಿಸಿ ರೀಸ್ಟಾರ್ಟ್ ಮಾಡಿದ ಕಂಪ್ಯೂಟರ್ ಲಾಗಿನ್ ಪರದೆಯ ಬದಲು ಬರೀ ಕಪ್ಪು ಪರದೆ ತೋರಿಸಿ, ಎಡ ಮೂಲೆಯಲ್ಲಿ ಒಂದು ಸಣ್ಣ ಗೆರೆಯನ್ನಷ್ಟೇ ಮಿಟುಕಿಸುತ್ತಾ ನಿಂತುಬಿಟ್ಟರೆ, ಲಿನಕ್ಸ್‌ಗೆ ಹೊಸಬರಾದವರು ಗಾಬರಿಗೊಂಡು ಇಡೀ ವ್ಯವಸ್ಥೆಯನ್ನೇ ಮತ್ತೆ ಇನ್‌ಸ್ಟಾಲ್ ಮಾಡಲು ಹೊರಡುತ್ತಾರೆ. ಬಹುಪಾಲು ಸಂದರ್ಭಗಳಲ್ಲಿ ಅದರ ಅಗತ್ಯವೇ ಇರುವುದಿಲ್ಲ. ಕಡತಗಳು ಸುರಕ್ಷಿತವಾಗಿರುತ್ತವೆ, ವ್ಯವಸ್ಥೆಯ ತಿರುಳಾದ ಕರ್ನಲ್ ಕೂಡ ಹಿನ್ನೆಲೆಯಲ್ಲಿ ಓಡುತ್ತಲೇ ಇರುತ್ತದೆ. ಕರ್ನಲ್‌ಗೂ ಗ್ರಾಫಿಕ್ಸ್ ಕಾರ್ಡಿಗೂ ನಡುವಿನ ಒಂದು ಕೊಂಡಿ ಮಾತ್ರ ಕಳಚಿರುತ್ತದೆ. ಆ ಕೊಂಡಿ ಯಾವುದೆಂದು ನೋಡಿ ತಿಳಿದುಕೊಳ್ಳುವವರೆಗೆ ಯಾವುದನ್ನೂ ಬದಲಾಯಿಸಬಾರದು ಎಂಬುದೇ ಈ ಕೆಲಸದ ಮೊದಲ ನಿಯಮ.

ಈ ಲೇಖನದಲ್ಲಿ ಕಮಾಂಡ್‌ಗಳನ್ನು ಉಚ್ಚಾರಕ್ಕೆ ತಕ್ಕಂತೆ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಬರೆಯುವ ಪರದೆಯಲ್ಲಿ, ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಬೇಕು. ದೊಡ್ಡ ಅಕ್ಷರ ಬೇಕಾದ ಕಡೆ ಹಾಗೆಂದು ಹೇಳಿದೆ.

ಕಾರ್ಡ್ ಯಾರದು ಎಂಬುದರ ಮೇಲೆ ದಾರಿ

ಗ್ರಾಫಿಕ್ಸ್ ಡ್ರೈವರ್ ಎನ್ನುವುದು ಒಂದೇ ವಸ್ತುವಲ್ಲ. ಕರ್ನಲ್ ಒಳಗೆ ಕುಳಿತು ಕಾರ್ಡಿನೊಡನೆ ನೇರವಾಗಿ ಮಾತನಾಡುವ ಮಾಡ್ಯೂಲ್ ಒಂದು ಭಾಗ. ಆಟ, ವಿಡಿಯೊ, ಡೆಸ್ಕ್‌ಟಾಪ್ ಮೊದಲಾದವು ಚಿತ್ರ ಬಿಡಿಸಲು ಕರೆಯುವ ಲೈಬ್ರರಿ ಇನ್ನೊಂದು ಭಾಗ. ಇಂಟೆಲ್ ಮತ್ತು ಎಎಂಡಿ ಕಾರ್ಡುಗಳಿಗೆ ಇವೆರಡೂ ಉಬುಂಟು, ಫೆಡೊರಾದಂಥ ಲಿನಕ್ಸ್ ವಿತರಣೆಯ ಜೊತೆಗೇ ಬರುತ್ತವೆ. ಎಎಂಡಿಯ ಈಗಿನ ಮಾಡ್ಯೂಲ್ ಆದ ಎಎಂಡಿಜಿಪಿಯು 2015ರಲ್ಲಿ, ಕರ್ನಲ್ 4.2ರೊಂದಿಗೆ ಸೇರಿತು; ಲೈಬ್ರರಿಯ ಕೆಲಸವನ್ನು 1993ರಲ್ಲಿ ಆರಂಭವಾದ ಮೆಸಾ ಯೋಜನೆ ಮಾಡುತ್ತದೆ. ಹೀಗಾಗಿ ಈ ಕಾರ್ಡುಗಳಿರುವವರು ವಿಂಡೋಸ್ ಅಭ್ಯಾಸದಂತೆ ತಯಾರಕರ ಜಾಲತಾಣದಲ್ಲಿ ಡ್ರೈವರ್ ಹುಡುಕುವ ಅಗತ್ಯ ಸಾಮಾನ್ಯವಾಗಿ ಇಲ್ಲ. ಕಾರ್ಡ್ ತೀರಾ ಹೊಸದಾಗಿದ್ದು ವಿತರಣೆ ಹಳೆಯದಾಗಿದ್ದರೆ, ಹೊಸ ಕರ್ನಲ್, ಹೊಸ ಮೆಸಾ ಮತ್ತು ಹೊಸ ಫರ್ಮ್‌ವೇರ್ (ಕಾರ್ಡಿನೊಳಗೇ ಓಡುವ ಸಣ್ಣ ತಂತ್ರಾಂಶ) ಮೂರನ್ನೂ ಕೊಡುವ ಆವೃತ್ತಿಗೆ ಹೋಗುವುದೇ ಪರಿಹಾರ.

ಎನ್‌ವಿಡಿಯಾ ವಿಷಯ ಬೇರೆ. ಅದರ ಕಾರ್ಡುಗಳಿಗೆ ಸಮುದಾಯ ಬರೆದ ನೂವೋ ಮಾಡ್ಯೂಲ್ 2010ರಿಂದ ಕರ್ನಲ್‌ನಲ್ಲೇ ಇದೆಯಾದರೂ ಕಂಪನಿಯ ಸ್ವಂತ ಡ್ರೈವರ್ ಕರ್ನಲ್‌ನ ಹೊರಗೆ ಬೆಳೆದದ್ದು. 2022ರಲ್ಲಿ ಕಂಪನಿ ತನ್ನ ಕರ್ನಲ್ ಭಾಗದ ಮೂಲ ಸಂಕೇತವನ್ನು ಮುಕ್ತಗೊಳಿಸಿತು; ಅದು ಟ್ಯೂರಿಂಗ್ ಮತ್ತು ನಂತರದ ಪೀಳಿಗೆಯ ಕಾರ್ಡುಗಳಿಗೆ ಮಾತ್ರ ಅನ್ವಯಿಸುತ್ತದೆ, ಲೈಬ್ರರಿ ಭಾಗ ಮುಚ್ಚಿಯೇ ಇದೆ. ಹೊರಗಿನ ಮಾಡ್ಯೂಲ್ ಆದ್ದರಿಂದ ಪ್ರತಿ ಹೊಸ ಕರ್ನಲ್‌ಗೂ ಅದನ್ನು ಹೊಂದಿಸಿ ಕಟ್ಟಬೇಕು. ಕರ್ನಲ್ ಅಪ್‌ಡೇಟ್ ಆದ ಮರುದಿನವೇ ಪರದೆ ಕಪ್ಪಾಗುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ.

ಮೊದಲು ಒಳಗೆ ಹೋಗುವ ದಾರಿ

ಡೆಸ್ಕ್‌ಟಾಪ್ ಕಂಪ್ಯೂಟರಿನ ಹಿಂಭಾಗವನ್ನೊಮ್ಮೆ ನೋಡಿ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಮಾನಿಟರ್ ಕೇಬಲ್ ಮದರ್‌ಬೋರ್ಡಿನ ಕಿಂಡಿಗಲ್ಲ, ಆ ಕಾರ್ಡಿನ ಕಿಂಡಿಗೇ ಸೇರಿದೆ ಎಂಬುದನ್ನು ಖಚಿತಪಡಿಸಿಕೊಂಡ ಮೇಲೆ ಕಂಟ್ರೋಲ್, ಆಲ್ಟ್ ಮತ್ತು ಎಫ್3 ಕೀಲಿಗಳನ್ನು ಒಟ್ಟಿಗೆ ಒತ್ತಿ. ಅಕ್ಷರಗಳಷ್ಟೇ ಇರುವ ಲಾಗಿನ್ ಕಾಣಿಸಿಕೊಂಡರೆ ಕರ್ನಲ್ ಜೀವಂತವಾಗಿದೆ, ಡೆಸ್ಕ್‌ಟಾಪ್ ಮಾತ್ರ ಬಿದ್ದಿದೆ ಎಂದರ್ಥ. ಮುಂದಿನ ಎಲ್ಲ ಕೆಲಸವನ್ನೂ ಅಲ್ಲಿಂದಲೇ ಮಾಡಬಹುದು.

ಏನೂ ಬಾರದಿದ್ದರೆ ರೀಸ್ಟಾರ್ಟ್ ಮಾಡಿ, ಆರಂಭದಲ್ಲೇ ಎಸ್ಕೇಪ್ ಕೀಲಿಯನ್ನು, ಹಳೆಯ ಬಯಾಸ್ ಇರುವ ಯಂತ್ರವಾದರೆ ಶಿಫ್ಟ್ ಕೀಲಿಯನ್ನು ಒತ್ತಿ, ಯಾವ ಕರ್ನಲ್‌ನಿಂದ ಆರಂಭಿಸಬೇಕೆಂದು ಆರಿಸಲು ಬಿಡುವ ಗ್ರಬ್ ಮೆನು ತೆರೆಯಿರಿ. ಉಬುಂಟುವಿನಂಥ ವಿತರಣೆಗಳಲ್ಲಿ ಅಡ್ವಾನ್ಸ್‌ಡ್ ಆಪ್ಷನ್ಸ್ ಒಳಗೆ ಹಿಂದಿನ ಕರ್ನಲ್ ಇರುತ್ತದೆ, ಫೆಡೊರಾದಲ್ಲಿ ಮೊದಲ ಪಟ್ಟಿಯಲ್ಲೇ ಇರುತ್ತದೆ. ಅದನ್ನು ಆರಿಸಿದಾಗ ಎಲ್ಲವೂ ಮೊದಲಿನಂತೆ ನಡೆದರೆ ಕಾರ್ಡ್ ಕೆಟ್ಟಿಲ್ಲ. ಹೊಸ ಕರ್ನಲ್‌ಗೆ ಮಾಡ್ಯೂಲ್ ಸಿದ್ಧವಾಗಿಲ್ಲ ಎಂಬ ಅನುಮಾನ ಬಲವಾಗುತ್ತದೆ.

ಹಳೆಯ ಕರ್ನಲ್ ಕೂಡ ಕೈಕೊಟ್ಟರೆ ಉಳಿಯುವುದು ನೋಮೋಡ್‌ಸೆಟ್ ಎಂಬ ಪದ. ಗ್ರಬ್ ಮೆನುವಿನಲ್ಲಿ ಕರ್ನಲ್ ಹೆಸರಿನ ಮೇಲೆ ನಿಂತು ಇ ಅಕ್ಷರ ಒತ್ತಿದರೆ ಕೆಲವು ಸಾಲುಗಳು ತೆರೆದುಕೊಳ್ಳುತ್ತವೆ. ಅವುಗಳಲ್ಲಿ ಲಿನಕ್ಸ್ ಎಂಬ ಪದದಿಂದ ಶುರುವಾಗುವ ಸಾಲಿನ ಕೊನೆಗೆ ಹೋಗಿ, ಒಂದು ಜಾಗ ಬಿಟ್ಟು ಈ ಪದವನ್ನು ಸೇರಿಸಿ, ಕಂಟ್ರೋಲ್ ಮತ್ತು ಎಕ್ಸ್ ಒತ್ತಬೇಕು. ಪರದೆಯ ಅಳತೆ ಮತ್ತು ವಿಧಾನವನ್ನು ಕರ್ನಲ್‌ನ ಡ್ರೈವರ್ ಹೊಂದಿಸುವುದು ಬೇಡ ಎಂದು ಹೇಳುವ ಸೂಚನೆ ಇದು. ಪರದೆ ಮಸುಕಾಗಿಯೋ ದೊಡ್ಡದಾಗಿಯೋ ಕಂಡರೂ ಕಾಣಿಸುತ್ತದೆ. ಹೀಗೆ ಸೇರಿಸಿದ ಪದ ಆ ಒಂದು ಬೂಟ್‌ಗಷ್ಟೇ ಅನ್ವಯಿಸುತ್ತದೆ, ಅಷ್ಟಕ್ಕೇ ಬಿಡುವುದು ಒಳ್ಳೆಯದು. ನಾನು ಒಮ್ಮೆ ಇದನ್ನು ಗ್ರಬ್‌ನ ಕಡತದಲ್ಲೇ ಶಾಶ್ವತವಾಗಿ ಬರೆದು ಮರೆತಿದ್ದೆ. ವಿಡಿಯೊ ಹಾಕಿದಾಗಲೆಲ್ಲ ಫ್ಯಾನ್ ಜೋರಾಗಿ ಸದ್ದು ಮಾಡುತ್ತಿತ್ತು, ಕಿಟಕಿಗಳನ್ನು ಎಳೆದರೆ ತಡವರಿಸುತ್ತಿದ್ದವು. ಯಂತ್ರಕ್ಕೆ ವಯಸ್ಸಾಯಿತೆಂದು ತಿಂಗಳುಗಟ್ಟಲೆ ನಂಬಿದ್ದೆ. ಕಾರ್ಡ್ ಮಾತ್ರ ಏನೂ ಮಾಡದೆ ಸುಮ್ಮನೆ ಕುಳಿತಿತ್ತು.

ಯಾವ ಡ್ರೈವರ್ ಓಡುತ್ತಿದೆ?

ಒಳಗೆ ಬಂದ ಮೇಲೆ ಎಲ್‌ಎಸ್‌ಪಿಸಿಐ ಎಂದು ಬರೆದು, ಜಾಗ ಬಿಟ್ಟು, ಅಡ್ಡಗೆರೆ (ಹೈಫನ್) ಮತ್ತು ಕೆ ಅಕ್ಷರ ಸೇರಿಸಿ ಎಂಟರ್ ಒತ್ತಿ. ಬರುವ ಉದ್ದನೆಯ ಪಟ್ಟಿಯಲ್ಲಿ ವಿಜಿಎ ಎಂದಿರುವ ಸಾಲನ್ನು ಹುಡುಕಿ. ಕೆಲವು ಕಾರ್ಡುಗಳಿಗೆ ಅಲ್ಲಿ 3ಡಿ ಅಥವಾ ಡಿಸ್‌ಪ್ಲೇ ಕಂಟ್ರೋಲರ್ ಎಂದಿರುತ್ತದೆ. ಅದರ ಕೆಳಗೆ ಎರಡು ಸಾಲುಗಳು ಮುಖ್ಯ. ಕರ್ನಲ್ ಮಾಡ್ಯೂಲ್ಸ್ ಎಂಬ ಸಾಲು ಈ ಕಾರ್ಡಿಗೆ ಹೊಂದಬಹುದಾದ ಮಾಡ್ಯೂಲ್‌ಗಳನ್ನೆಲ್ಲ ಹೇಳುತ್ತದೆ. ಕರ್ನಲ್ ಡ್ರೈವರ್ ಇನ್ ಯೂಸ್ ಎಂಬ ಸಾಲು ಈ ಗಳಿಗೆಯಲ್ಲಿ ನಿಜವಾಗಿ ಕೆಲಸ ಮಾಡುತ್ತಿರುವುದನ್ನು ಹೇಳುತ್ತದೆ. ಇನ್ ಯೂಸ್ ಎಂಬ ಸಾಲೇ ಇಲ್ಲವಾದರೆ ಕಾರ್ಡನ್ನು ಯಾವ ಡ್ರೈವರೂ ವಹಿಸಿಕೊಂಡಿಲ್ಲ. ಎನ್‌ವಿಡಿಯಾ ಡ್ರೈವರ್ ಹಾಕಿದ್ದೇನೆಂದು ನೀವು ತಿಳಿದಿದ್ದು ಅಲ್ಲಿ ನೂವೋ ಎಂದಿದ್ದರೆ, ಹಾಕಿದ್ದು ಲೋಡ್ ಆಗಿಲ್ಲ.

ಡೆಸ್ಕ್‌ಟಾಪ್ ತೆರೆದಿದ್ದರೆ ಜಿಎಲ್‌ಎಕ್ಸ್‌ಇನ್ಫೋ ಎಂದು ಬರೆದು, ಜಾಗ ಬಿಟ್ಟು, ಅಡ್ಡಗೆರೆ ಮತ್ತು ದೊಡ್ಡ ಬಿ ಸೇರಿಸಿ ನಡೆಸಿ; ಉಬುಂಟು, ಡೆಬಿಯನ್‌ಗಳಲ್ಲಿ ಇದು ಮೆಸಾ-ಯುಟಿಲ್ಸ್ ಪ್ಯಾಕೇಜಿನಲ್ಲಿದೆ. ಓಪನ್‌ಜಿಎಲ್ ರೆಂಡರರ್ ಸಾಲಿನಲ್ಲಿ ಕಾರ್ಡಿನ ಹೆಸರು ಇರಬೇಕು. ಅಲ್ಲಿ ಎಲ್‌ಎಲ್‌ವಿಎಂಪೈಪ್ ಎಂದಿದ್ದರೆ ಚಿತ್ರವನ್ನೆಲ್ಲ ಪ್ರೊಸೆಸರೇ ಬಿಡಿಸುತ್ತಿದೆ. ನನ್ನ ನೋಮೋಡ್‌ಸೆಟ್ ತಪ್ಪು ಕೊನೆಗೂ ಕಣ್ಣಿಗೆ ಬಿದ್ದದ್ದು ಈ ಸಾಲಿನಿಂದ.

ಕಾರಣ ದಾಖಲೆಯಲ್ಲಿರುತ್ತದೆ. ಜರ್ನಲ್‌ಸಿಟಿಎಲ್ ಕಮಾಂಡಿಗೆ ಅಡ್ಡಗೆರೆ ಬಿ, ಅಡ್ಡಗೆರೆ 1 ಮತ್ತು ಅಡ್ಡಗೆರೆ ಕೆ ಇವುಗಳನ್ನು ನಡುವೆ ಜಾಗ ಬಿಟ್ಟು ಸೇರಿಸಿದರೆ, ರೀಸ್ಟಾರ್ಟ್‌ಗೆ ಹಿಂದಿನ ಬಾರಿ, ಅಂದರೆ ಪರದೆ ಕಪ್ಪಾಗಿದ್ದಾಗ, ಕರ್ನಲ್ ಬರೆದಿಟ್ಟದ್ದನ್ನು ಓದಬಹುದು. ರೀಸ್ಟಾರ್ಟ್ ಮಾಡದೆ ಎಫ್3 ಒತ್ತಿಯೇ ಒಳಗೆ ಬಂದಿದ್ದರೆ ಅಡ್ಡಗೆರೆ ಕೆ ಒಂದೇ ಸಾಕು.

ದೋಷಕ್ಕೆ ತಕ್ಕ ಪರಿಹಾರ

ಫರ್ಮ್‌ವೇರ್ ಲೋಡ್ ಆಗಲಿಲ್ಲ ಎಂಬ ಸಾಲು ಎಎಂಡಿ ಕಾರ್ಡಿನಲ್ಲಿ ಕಂಡರೆ ಲಿನಕ್ಸ್-ಫರ್ಮ್‌ವೇರ್ ಪ್ಯಾಕೇಜನ್ನು, ಡೆಬಿಯನ್‌ನಲ್ಲಾದರೆ ಫರ್ಮ್‌ವೇರ್-ಎಎಂಡಿ-ಗ್ರಾಫಿಕ್ಸ್ ಪ್ಯಾಕೇಜನ್ನು ಹಾಕಬೇಕು. ಎನ್‌ವಿಡಿಯಾದಲ್ಲಿ ಆವೃತ್ತಿ ಹೊಂದುತ್ತಿಲ್ಲ ಎಂಬ ದೂರು ಬಂದರೆ, ಅಪ್‌ಡೇಟ್‌ನಿಂದ ಲೈಬ್ರರಿ ಹೊಸದಾಗಿದೆ, ಮೆಮೊರಿಯಲ್ಲಿರುವ ಮಾಡ್ಯೂಲ್ ಹಳೆಯದೇ ಇದೆ. ಸಾಮಾನ್ಯವಾಗಿ ಒಂದು ರೀಸ್ಟಾರ್ಟ್ ಸಾಕು.

ಹೊಸ ಕರ್ನಲ್‌ಗೆ ಮಾಡ್ಯೂಲ್ ಕಟ್ಟಲಾಗಿದೆಯೇ ಎಂದು ತಿಳಿಯಲು ಡಿಕೆಎಂಎಸ್ ಸ್ಟೇಟಸ್ ಎಂಬ ಕಮಾಂಡ್ ಇದೆ. ಪಟ್ಟಿಯಲ್ಲಿ ಹಳೆಯ ಕರ್ನಲ್‌ನ ಸಂಖ್ಯೆ ಇದ್ದು ಹೊಸದರದ್ದು ಇಲ್ಲವಾದರೆ, ಆ ಕರ್ನಲ್‌ನ ಹೆಡರ್ಸ್ ಪ್ಯಾಕೇಜ್ ಇದೆಯೇ ಎಂದು ಮೊದಲು ನೋಡಿ. ಅದಿಲ್ಲದೆ ಮಾಡ್ಯೂಲ್ ಕಟ್ಟಲು ಆಗುವುದಿಲ್ಲ. ಫೆಡೊರಾದಲ್ಲಿ ಆರ್‌ಪಿಎಂ ಫ್ಯೂಷನ್ ಎಂಬ ಹೊರಗಿನ ಪ್ಯಾಕೇಜ್ ಭಂಡಾರದ ಎಕೆಮಾಡ್-ಎನ್‌ವಿಡಿಯಾ ಹಾಕುವವರು ಇನ್‌ಸ್ಟಾಲ್ ಮುಗಿದ ತಕ್ಷಣ ರೀಸ್ಟಾರ್ಟ್ ಮಾಡಬಾರದು. ಮಾಡ್ಯೂಲ್ ಹಿನ್ನೆಲೆಯಲ್ಲಿ ಇನ್ನೂ ತಯಾರಾಗುತ್ತಿರುತ್ತದೆ, ಅದಕ್ಕೆ ಕೆಲವು ನಿಮಿಷ ಬೇಕು. ಮಾಡ್‌ಇನ್ಫೋ ಎನ್‌ವಿಡಿಯಾ ಎಂಬ ಕಮಾಂಡ್ ದೋಷದ ಬದಲು ಮಾಡ್ಯೂಲ್‌ನ ವಿವರ ಕೊಟ್ಟ ಮೇಲೆಯೇ ರೀಸ್ಟಾರ್ಟ್ ಮಾಡಿ.

ಹೆಚ್ಚು ಜನರನ್ನು ಕಾಡುವುದು ಸೆಕ್ಯೂರ್ ಬೂಟ್, ಅಂದರೆ ನಂಬಿಕೆಯ ಸಹಿ ಇಲ್ಲದ ತಂತ್ರಾಂಶವನ್ನು ಆರಂಭದಲ್ಲೇ ತಡೆಯುವ ವ್ಯವಸ್ಥೆ. ಮಾಡ್ಯೂಲ್ ಸರಿಯಾಗಿ ತಯಾರಾಗಿದ್ದರೂ ಅದರ ಸಹಿಯನ್ನು ಯಂತ್ರ ಒಪ್ಪದಿದ್ದರೆ ಕರ್ನಲ್ ಅದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮಾಡ್ಯೂಲನ್ನು ಕೈಯಿಂದ ಲೋಡ್ ಮಾಡಲು ಹೋದರೆ ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್ ಎಂಬ ಉತ್ತರ ಬರುತ್ತದೆ. ಉಬುಂಟುವಿನಲ್ಲಿ ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಕೇಳುವುದು ಇದಕ್ಕಾಗಿಯೇ. ನಂತರದ ರೀಸ್ಟಾರ್ಟ್‌ನಲ್ಲಿ ನೀಲಿ ಪರದೆಯೊಂದು ಬಂದು ಕೆಲವೇ ಸೆಕೆಂಡು ಕಾಯುತ್ತದೆ. ಅಷ್ಟರೊಳಗೆ ಒಂದು ಕೀಲಿ ಒತ್ತಿ, ಎನ್‌ರೋಲ್ ಎಂಒಕೆ, ಕಂಟಿನ್ಯೂ, ಯೆಸ್ ಎಂಬವನ್ನು ಕ್ರಮವಾಗಿ ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ನೋಡುತ್ತಾ ನಿಂತರೆ ಯಂತ್ರ ಮುಂದೆ ಹೋಗಿಬಿಡುತ್ತದೆ, ಸಹಿಯ ಕೀ ನೋಂದಣಿಯಾಗದೆ ಉಳಿಯುತ್ತದೆ. ಆಗ ಎಂಒಕೆಯುಟಿಲ್ ಕಮಾಂಡಿನಿಂದ ಆ ಕೀ ಇರುವ ಕಡತವನ್ನು ಮತ್ತೆ ಸಲ್ಲಿಸಿ, ರೀಸ್ಟಾರ್ಟ್ ಮಾಡಿ ಆ ಪರದೆಗೆ ಮರಳಬೇಕು. ನಿಮ್ಮ ಕೀಬೋರ್ಡ್ ವಿನ್ಯಾಸ ಅಲ್ಲಿಗೆ ಅನ್ವಯಿಸದಿರಬಹುದಾದ್ದರಿಂದ ಸರಳ ಅಕ್ಷರಗಳ ಪಾಸ್‌ವರ್ಡ್ ಇಟ್ಟುಕೊಳ್ಳಿ. ಸೆಕ್ಯೂರ್ ಬೂಟನ್ನೇ ಆಫ್ ಮಾಡಿಬಿಡುವುದು ಸುಲಭದ ದಾರಿ ನಿಜ, ಆದರೆ ಎರಡು ನಿಮಿಷದ ನೋಂದಣಿಗಾಗಿ ಒಂದು ರಕ್ಷಣೆಯನ್ನು ಕೈಬಿಡುವುದು ನನಗೆ ಸರಿಯೆನಿಸುವುದಿಲ್ಲ.

ಎನ್‌ವಿಡಿಯಾ ಕಂಪನಿಯ ಜಾಲತಾಣದಿಂದ ಡಾಟ್ ರನ್ ಎಂದು ಮುಗಿಯುವ ಕಡತ ಇಳಿಸಿ ಡ್ರೈವರ್ ಹಾಕುವುದನ್ನು ಬಿಟ್ಟುಬಿಡಿ. ಅದು ಹಾಕುವ ಲೈಬ್ರರಿಗಳ ವಿಷಯ ಪ್ಯಾಕೇಜ್ ವ್ಯವಸ್ಥೆಗೆ ತಿಳಿಯುವುದಿಲ್ಲ, ಮುಂದಿನ ಅಪ್‌ಡೇಟ್‌ನಲ್ಲಿ ಅವೂ ವಿತರಣೆಯ ಲೈಬ್ರರಿಗಳೂ ಒಂದರ ಮೇಲೊಂದು ಕೂರುತ್ತವೆ. ಈಗಾಗಲೇ ಹಾಗೆ ಹಾಕಿದ್ದರೆ ಎನ್‌ವಿಡಿಯಾ-ಅನ್‌ಇನ್‌ಸ್ಟಾಲ್ ಎಂಬ ಕಮಾಂಡಿನಿಂದ ಮೊದಲು ಅದನ್ನು ತೆಗೆದು, ವಿತರಣೆಯ ದಾರಿಯಲ್ಲೇ ಹೊಸದಾಗಿ ಹಾಕಿ. ಉಬುಂಟುವಿನಲ್ಲಿ ಉಬುಂಟು-ಡ್ರೈವರ್ಸ್ ಡಿವೈಸಸ್ ಎಂಬ ಕಮಾಂಡ್ ನಿಮ್ಮ ಕಾರ್ಡಿಗೆ ಶಿಫಾರಸಾದ ಆವೃತ್ತಿಯನ್ನು ತಾನೇ ಗುರುತಿಸಿ ಹೇಳುತ್ತದೆ. ಹಳೆಯ ಕಾರ್ಡುಗಳ ವಿಷಯದಲ್ಲಿ ಹೊಸ ಆವೃತ್ತಿಗೆ ಆಸೆಪಡಬಾರದು: ಫರ್ಮಿ ಪೀಳಿಗೆಗೆ 390, ಕೆಪ್ಲರ್ ಪೀಳಿಗೆಗೆ 470 ಕೊನೆಯ ಸರಣಿಗಳು, ಅದಕ್ಕಿಂತ ಹೊಸದನ್ನು ಹಾಕಿದರೆ ಡ್ರೈವರ್ ಆ ಕಾರ್ಡನ್ನು ಗುರುತಿಸುವುದೇ ಇಲ್ಲ.

ಪರದೆ ಬಂದರೂ ಚಿತ್ರ ಮಿನುಗುತ್ತಿದ್ದರೆ, ಲಾಗಿನ್ ಪರದೆಯಲ್ಲಿ ಸೆಷನ್ ಬದಲಿಸುವ ಆಯ್ಕೆಯಿಂದ, ಡೆಸ್ಕ್‌ಟಾಪನ್ನು ಪರದೆಗೆ ತರುವ ಹೊಸ ವ್ಯವಸ್ಥೆಯಾದ ವೇಲ್ಯಾಂಡ್ ಬದಲು ಹಳೆಯದಾದ ಎಕ್ಸ್‌ಆರ್ಗ್ ಆರಿಸಿ ನೋಡಬಹುದು. ಕೆಲವು ಹೊಸ ವಿತರಣೆಗಳಲ್ಲಿ ಈ ಆಯ್ಕೆ ಸಿಗುವುದಿಲ್ಲ. ಎನ್‌ವಿಡಿಯಾದಲ್ಲಿ ವೇಲ್ಯಾಂಡ್‌ನ ಈ ಮಿನುಗು 2024ರ 555 ಸರಣಿಯಿಂದ ಈಚೆಗೆ ಬಹಳ ಕಡಿಮೆಯಾಗಿದೆ.

ಒಂದು ಬಾರಿಗೆ ಒಂದೇ ಬದಲಾವಣೆ ಮಾಡಿ, ಪ್ರತಿಯೊಂದರ ನಂತರವೂ ರೀಸ್ಟಾರ್ಟ್ ಮಾಡಿ ನೋಡಿ. ಎಲ್ಲವೂ ಸರಿಯಾದ ಮೇಲೆ ಇಟಿಸಿ ಫೋಲ್ಡರಿನ ಡಿಫಾಲ್ಟ್ ಒಳಗಿರುವ ಗ್ರಬ್ ಕಡತವನ್ನು ತೆರೆದು, ನೋಮೋಡ್‌ಸೆಟ್ ಅಲ್ಲಿ ಉಳಿದಿದ್ದರೆ ಅಳಿಸಿ, ಉಬುಂಟು ಮತ್ತು ಡೆಬಿಯನ್‌ಗಳಲ್ಲಿ ಅಪ್‌ಡೇಟ್-ಗ್ರಬ್ ನಡೆಸಿ, ಮತ್ತೊಮ್ಮೆ ಜಿಎಲ್‌ಎಕ್ಸ್‌ಇನ್ಫೋದ ರೆಂಡರರ್ ಸಾಲಿನಲ್ಲಿ ನಿಮ್ಮ ಕಾರ್ಡಿನ ಹೆಸರು ಬಂದಿರುವುದನ್ನು ಕಣ್ಣಾರೆ ನೋಡಿಕೊಳ್ಳಿ.